ಮಳೆಯ ಕಡೆಗೆ ಯಾರೂ ಪೈಜ ಕಟ್ಟಲಿಲ್ಲ

ನಮ್ಮ ತಾಂಬಾದಲ್ಲಿ ಕ್ರಿಕೆಟ್ ಆಟವನ್ನು ಸೋಮವಾರಕ್ಕೆ ಇಟ್ಟುಕೊಂಡದ್ದು ಎತ್ತುಗಳ ಸಲುವಾಗಿ. ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿಗೆ ಬಿಡುವು ಅಂದರೆ ರೈತನಿಗೂ ಬಿಡುವು, ನೋಡಲು ಮಂದಿ ಸೇರುತ್ತಾರೆ. ಇಂಡಿಯವರದೊಂದು ತಂಡ, ಸಿಂದಗಿಯವರದೊಂದು. ಎರಡೂ ಊರಿಗೆ ನಡುವೆ ಬರುವುದು ನಮ್ಮೂರು, ಹಾಗಾಗಿ ನಮ್ಮ ಶಾಲೆಯ ಹಿಂದಿನ ಬಯಲಿನಲ್ಲಿ ಆಟ. ಆಡುವವರು ಮಾಸ್ತರರು, ಕಚೇರಿಯ ಗುಮಾಸ್ತರು, ಅಂಗಡಿಕಾರರ ಕಲಿತ ಮಕ್ಕಳು. ಇಂಡಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನನ್ನ ಮೈದುನನೂ ಅವರಲ್ಲಿ ಒಬ್ಬ.

ಅರವತ್ತರ ದಶಕ ಆಗಷ್ಟೇ ಹತ್ತಿತ್ತು. ನಾನು ಮನಗೂಳಿಯಿಂದ ಈ ಮನೆಗೆ ಸೊಸೆಯಾಗಿ ಬಂದು, ಎರಡು ಮಕ್ಕಳನ್ನು ಹೆತ್ತು, ಒಲೆಯ ಮುಂದೆ ಗಟ್ಟಿಯಾಗಿ ಕೂತಿದ್ದೆ. ಕ್ರಿಕೆಟ್ ಅಂದರೆ ನನಗೆ ಮೈದುನನ ಬಿಳಿ ಪ್ಯಾಂಟು ಒಗೆಯುವ ಕೆಲಸ, ಅಷ್ಟೇ. ಆ ವರ್ಷ ಮಾತ್ರ ಆ ಆಟಕ್ಕೂ ನಮ್ಮ ಮನೆಯ ಅನ್ನಕ್ಕೂ ಗಂಟು ಬಿತ್ತು.

ನಮ್ಮ ಕಡೆ ಪಂಥಕ್ಕೆ ಪೈಜ ಅನ್ನುತ್ತಾರೆ. ಯಾರು ಗೆಲ್ಲುತ್ತಾರೆ ಅಂತ ಪೈಜ ಕಟ್ಟುವುದು ಎಲ್ಲ ಊರಲ್ಲೂ ಇರಬೇಕು. ನಮ್ಮೂರಿನದು ಬೇರೆ ಥರ. ಬಯಲು ಎರೆ ಮಣ್ಣಿನದು. ಒಣಗಿದಾಗ ಕಲ್ಲು, ನೆನೆದರೆ ಅಂಟು; ಕಾಲಿಟ್ಟರೆ ಚಪ್ಪಲಿಯನ್ನು ಅದು ಇಟ್ಟುಕೊಂಡು ಕಾಲನ್ನಷ್ಟೇ ನಮಗೆ ಕೊಡುತ್ತದೆ. ಅದರ ಮೇಲೆ ನಾರಿನ ಚಾಪೆ ಹಾಸಿ ಆಡುತ್ತಿದ್ದರು. ಚಾಪೆಯ ಕೆಳಗಿನ ಮಣ್ಣು ನೆನೆಯಿತೆಂದರೆ ಚೆಂಡು ಸತ್ತ ಇಲಿಯ ಹಾಗೆ ಬಿದ್ದಲ್ಲೇ ಉಳಿಯುತ್ತದೆ, ಆಟ ಮುಗಿದ ಹಾಗೇ ಅಂತ ಮೈದುನ ಹೇಳುತ್ತಿದ್ದ. ಆದ್ದರಿಂದ ಮಂದಿ ಪೈಜ ಕಟ್ಟಿದ್ದು ಸೋಲು ಗೆಲುವಿಗಲ್ಲ. ಹೊತ್ತು ಮುಳುಗುವುದರೊಳಗೆ ಆಟ ತುದಿ ಮುಟ್ಟುತ್ತದೋ, ಇಲ್ಲ ಮಳೆ ಬಂದು ನಡುವೆ ನಿಲ್ಲುತ್ತದೋ ಅಂತ.

ಬೇಸಿಗೆಯ ಅಡ್ಡಮಳೆ ಯಾವಾಗ ಬಂದೀತು ಅಂತ ಯಾರೂ ಹೇಳಲಾರರು. ಹದಿನೈದು ದಿನ ಬಾರದೆ ಕೂತು, ಹದಿನಾರನೆಯ ದಿನ ಮಧ್ಯಾಹ್ನ ಊರಿನ ಈ ಓಣಿಗೆ ಸುರಿದು ಆ ಓಣಿಯನ್ನು ಒಣಗಿಸಿಯೇ ಬಿಟ್ಟು ಹೋಗುತ್ತದೆ.

ಪೈಜ ಹೊತ್ತು ತಂದವರು ಸಿಂದಗಿಯ ಅಡತಿ ಸಾವುಕಾರರು. ರೈತರ ಕಾಳು ಕೊಂಡು ಪೇಟೆಗೆ ಮಾರುವುದು ಅವರ ವ್ಯಾಪಾರ. ಆಟಕ್ಕೆ ಕೆಲವು ದಿನ ಮೊದಲು ನಮ್ಮ ಪಡಸಾಲೆಗೆ ಬಂದು ಕೂತರು. ನಾನು ಒಳಬಾಗಿಲ ಮರೆಯಲ್ಲಿ ಚಹಾ ಸೋಸುತ್ತಿದ್ದೆ.

"ಏನ್ರೀ ಗೌಡ್ರ, ಸೋಮಾರ ಆಟ ಮುಗಿತೈತೋ ಇಲ್ಲೋ?"

"ಮುಗೀದೇ ಏನ್ ಮಾಡತೈತ್ರಿ? ಮ್ಯಾಲ ನೋಡ್ರಿ, ತೊಳದಿಟ್ಟ ತಾಟಿನಂಗ ಐತಿ," ಅಂದರು ನಮ್ಮ ಮನೆಯವರು.

"ಹಂಗಾದ್ರ ಹತ್ತು ಚೀಲ ಬಿಳಿಜೋಳ. ಆಟ ಮುಗಿದ್ರ ನಾ ಕೊಡ್ತೇನಿ. ಮಳಿ ಬಂದು ನಿಂತ್ರ ನೀವು ಕೊಡ್ರಿ."

"ನೀವ್ಯಾಕ ಮಳಿ ಕಡೆ ನಿಂತೀರಿ ಸಾವ್ಕಾರ್ರ?"

"ಯಾರರ ಒಬ್ಬರು ನಿಲ್ಲಬೇಕಲ್ರೀ. ನಂದೇನು ಕಣದಾಗ ರಾಶಿ ಬಿದ್ದೈತೇನು?" ಅಂತ ಸಾವುಕಾರರು ನಕ್ಕರು. ನಮ್ಮ ಮನೆಯವರೂ ನಕ್ಕು ಅವರ ಕೈಗೆ ಕೈ ಬಡಿದರು. ಆ ಸಪ್ಪಳ ಕೇಳಿ ನನ್ನ ಕೈಯಲ್ಲಿದ್ದ ಚಹಾ ಸೋಸುವ ಅರಿವೆ ಒಲೆಗೆ ಬಿತ್ತು.

ನಮ್ಮ ರಾಶಿ ಕಣದಲ್ಲಿ ಬಿದ್ದಿತ್ತು. ವರ್ಷದ ಜೋಳ ಅಷ್ಟೂ ಒಕ್ಕಿ, ತೂರಿ, ಕಣದ ನಡುವೆ ರಾಶಿಯಾಗಿ ಕೂತಿತ್ತು. ಸೋಮವಾರ ಸಂಜೆ ರಾಶಿಪೂಜೆ ಅಂತ ಅತ್ತೆ ನಿಶ್ಚಯ ಮಾಡಿದ್ದರು. ಪೂಜೆಯಾಗದ ರಾಶಿಗೆ ಚೀಲ ತೋರಿಸುವ ಪದ್ಧತಿ ನಮ್ಮಲ್ಲಿಲ್ಲ. ಪೂಜೆಯಾದ ಮೇಲೆ ತುಂಬುವುದು, ಮಂಗಳವಾರ ಬಂಡಿ ಹೂಡಿ ಮನೆಗೆ ತರುವುದು. ಅಲ್ಲಿಯವರೆಗೆ ಆ ರಾಶಿ ಬಸವಣ್ಣನದು, ನಮ್ಮದಲ್ಲ.

ಸಾವುಕಾರರು ಎದ್ದು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ.

"ಅಲ್ರೀ, ಪೈಜ ಕಟ್ಟೂದೇ ತಪ್ಪು. ಕಟ್ಟಿದ್ದೇನೋ ಕಟ್ಟಿದ್ರಿ, ಮಳಿ ಬರತೈತಿ ಅಂತನರ ಕಟ್ಟಬಾರದಾಗಿತ್ತೇನು? ಮಳಿ ಬಂದು ರಾಶಿ ಕೆಟ್ರ ಹತ್ತು ಚೀಲರ ಕೈಗೆ ಬರತಿದ್ವು. ಬರಲಿಲ್ಲಂದ್ರ ಹತ್ತು ಹೋಗಿ ರಾಶಿ ಉಳೀತಿತ್ತು. ಈಗ ಮಳಿ ಬಂದ್ರ ಅದೂ ಹೋತು, ಇದೂ ಹೋತು!"

ಅವರು ಗಾಬರಿಯಾಗಿ ಬಾಗಿಲ ಕಡೆ ನೋಡಿದರು, ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ. "ಬಾಯಿ ಮುಚ್ಚು. ರಾಶಿ ಕಣದಾಗ ಐತಿ, ಮಳಿ ಬರ್ಲಿ ಅಂತ ನನ್ನ ಬಾಯಿಲೆ ಅನ್ನಸ್ತಿಯೇನು?"

ಅತ್ತೆ ಒಳಗಿನಿಂದಲೇ, "ಥೂ ಅನ್ನು, ಮೊದಲ ಥೂ ಅನ್ನು," ಅಂತ ನನಗೆ ಗದರಿದರು. ನಾನು ಹೊರಗೆ ಹೋಗಿ ಥೂ ಅಂದು ಬಂದೆ. ನಾನೂ ದೇವರಿಗೆ ಹೆದರುವವಳೇ. ಲೆಕ್ಕ ಹೇಳಿದ್ದೆನೇ ಹೊರತು, ಅವರ ಜಾಗದಲ್ಲಿ ನಾನಿದ್ದಿದ್ದರೆ ನನ್ನ ನಾಲಿಗೆಗೂ ಮಳೆ ಎಂಬ ಮಾತು ಬರುತ್ತಿರಲಿಲ್ಲ. ಸಾವುಕಾರರು ಆ ವಾರ ರಾಶಿ ಬಿದ್ದ ಮನೆಗಳಿಗೆ ಮಾತ್ರ ಹೋಗಿದ್ದರು ಅಂತ ನಮಗೆ ಆಮೇಲೆ ತಿಳಿಯಿತು. ಕಣ ಖಾಲಿಯಿದ್ದವರ ಹತ್ತಿರ ಪೈಜದ ಮಾತೇ ಎತ್ತಿರಲಿಲ್ಲ. ಮಳೆಯ ಕಡೆಗೆ ಊರಲ್ಲಿ ಯಾರೂ ನಿಲ್ಲಲಾರರು ಅಂತ ಅವರಿಗೆ ಗೊತ್ತಿತ್ತು. ಆ ಬದಿಯನ್ನು ಪೂರ್ತಿ ಅವರೊಬ್ಬರೇ ಹಿಡಿದುಕೊಂಡರು.

ಭಾನುವಾರ ಸಂಜೆ ಮೈದುನ ಬಂದ. ಚಾಪೆಗೆ ಮುಚ್ಚಿಗೆ ಬೇಕು ಅಂತ ಎರಡೂ ತಂಡದವರು ಹಟ ಹಿಡಿದಿದ್ದರು. ಊರಲ್ಲಿ ಅಷ್ಟು ದೊಡ್ಡ ತಾಡಪತ್ರಿ ಇದ್ದದ್ದು ನಮ್ಮದೊಂದೇ, ಅದು ರಾಶಿಯ ಮೇಲಿತ್ತು.

"ಅಣ್ಣಾ, ಒಂದು ದಿನದ್ದು ಮಾತು. ಮುಚ್ಚಿಗಿ ಇದ್ರ ಸಣ್ಣ ಹನಿಗೆ ಆಟ ನಿಲ್ಲೂದಿಲ್ಲ."

ಹತ್ತು ಚೀಲ ಉಳಿಯುವ ದಾರಿ ಅದು ಅಂತ ನಮ್ಮ ಮನೆಯವರಿಗೆ ಕಂಡಿತು. ಸೋಮವಾರ ಬೆಳಿಗ್ಗೆ ತಾವೇ ಎಳೆದು ಮಡಚಿ, ತಲೆಯ ಮೇಲೆ ಹೊತ್ತುಕೊಂಡು ಹೋದರು. ಇಬ್ಬನಿ ಆರಲಿ ಅಂತ ತೆಗೆದರೇನೋ ಅಂದುಕೊಂಡಿದ್ದ ಅತ್ತೆಗೆ ವಿಷಯ ತಿಳಿದದ್ದು ಬುತ್ತಿ ಕಟ್ಟುವ ಹೊತ್ತಿಗೆ. ಅವರು ಕೋಲು ಹಿಡಿದು ಕಣದ ಕಡೆ ನಡೆದರು. ಮಕ್ಕಳನ್ನು ನೆರೆಮನೆಯಲ್ಲಿ ಬಿಟ್ಟು ನಾನು ಹಿಂದೆ ಹೋದೆ.

ಮಧ್ಯಾಹ್ನದವರೆಗೆ ಬಿಸಿಲು ಚೆನ್ನಾಗಿತ್ತು. ಬಯಲಿನಿಂದ ಆಗಾಗ ಹೋ ಎಂಬ ಕೂಗು ತೇಲಿ ಬರುತ್ತಿತ್ತು. ಆಮೇಲೆ ಗಾಳಿ ನಿಂತಿತು. ಕಣದ ಅಂಚಿನ ಬೇವಿನ ಮರದ ಒಂದೆಲೆಯೂ ಅಲುಗದು. ಮೈಯೆಲ್ಲ ಬೆವರು. ಸಿಂದಗಿಯ ದಿಕ್ಕಿಗೆ ಮೋಡ ಎದ್ದಿತು, ಮೊದಲು ಹತ್ತಿಯ ಹಾಗೆ, ಸ್ವಲ್ಪ ಹೊತ್ತಿಗೆ ಸುಟ್ಟ ಹಂಚಿನ ಹಾಗೆ.

ಪಕ್ಕದ ಕಣ ಒಬ್ಬ ಮುಸಲ್ಮಾನ ಕಾಕಾನದು. ಅವನ ಅಜ್ಜನೂ ನಮ್ಮ ಮಾವನ ಅಜ್ಜನೂ ಒಂದೇ ಬಾವಿಯ ನೀರು ಹಂಚಿಕೊಂಡವರು. ಅವನು ತನ್ನ ಸಣ್ಣ ರಾಶಿಗೆ ಕಂಬಳಿ, ಗೋಣಿ ಎಲ್ಲ ಹೊದಿಸಿ ಅಂಚಿಗೆ ಕಲ್ಲು ಇಡುತ್ತಿದ್ದ.

"ನೀನೂ ಪೈಜ ಕಟ್ಟೀಯೇನು ಕಾಕಾ?" ಅಂತ ಕೇಳಿದೆ.

"ಇಲ್ಲವ್ವಾ, ನಮ್ಮ ಧರ್ಮದಾಗ ಅದು ಹರಾಮ್ ಐತಿ. ಸಾವ್ಕಾರ ಬಂದಿದ್ದ, ಹಾಂ. ಚಾ ಕುಡಿಸಿ ಕಳಿಸಿದ್ನಿ." ಮೋಡ ನೋಡಿ ದನಿ ತಗ್ಗಿಸಿದ. "ಬಂಡಿ ಹೂಡೂಣು ಅಂದ್ರ ಸೋಮಾರ. ನಿಮ್ಮ ಎತ್ತು ಹೂಡಬಾರದು, ನಾನೂ ಹೂಡಾಂವಲ್ಲ. ಹೋಗವ್ವಾ, ತಾಡಪತ್ರಿ ತರಸು. ಜಲ್ದಿ."

ಕಳಿಸಲು ಯಾರೂ ಇರಲಿಲ್ಲ, ಊರಿಗೆ ಊರೇ ಬಯಲಲ್ಲಿತ್ತು. ನಾನೇ ಹೋದೆ. ಆ ಬಯಲಿಗೆ ಆಟದ ದಿನ ಹೆಂಗಸರು ಹೋದದ್ದಿಲ್ಲ. ಸೆರಗು ತಲೆಯ ತುಂಬ ಹೊದ್ದು, ಬಾಯಲ್ಲಿ ಓಂ ನಮಃ ಶಿವಾಯ ಅನ್ನುತ್ತ ಹೊಲದ ಬದುವಿನ ಮೇಲೆ ಓಡಿದೆ. ಗಂಡಸರು ನನ್ನನ್ನು ನೋಡಿ ದಾರಿ ಬಿಟ್ಟರು. ಯಾರೋ ಸತ್ತ ಸುದ್ದಿ ತಂದಿದ್ದೇನೆ ಅಂದುಕೊಂಡಿರಬೇಕು.

ಸಾವುಕಾರರು ಗೋಡೆಯ ಬದಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ನಮ್ಮ ಮನೆಯವರು ಅವರ ಪಕ್ಕದಲ್ಲಿ ನೆಲದ ಮೇಲೆ. ಇಂಡಿಯವರು ಆಡುತ್ತಿದ್ದರು, ಗೆಲುವಿಗೆ ಇನ್ನು ಸ್ವಲ್ಪ ಓಟ ಬೇಕು, ಇಬ್ಬರೇ ಉಳಿದಿದ್ದಾರೆ, ಹೇಗಾದರೂ ಅರ್ಧ ತಾಸಿಗೆ ಮುಗಿಯುತ್ತದೆ ಅಂತ ನಿಂತವರು ಮಾತಾಡುತ್ತಿದ್ದರು. ಮೋಡ ಸೂರ್ಯನನ್ನು ನುಂಗಿತು.

"ಗೌಡ್ರ, ಈಗ ಸೋಲು ಒಪ್ಪಿದ್ರ ಆರು ಚೀಲಕ್ಕ ಬಿಡ್ತೇನಿ. ಮುಗಸೂಣು," ಅಂದರು ಸಾವುಕಾರರು.

ನಮ್ಮವರು ತುಟಿ ಕಚ್ಚಿದರು. ಅಷ್ಟರಲ್ಲಿ ಮೋಡ ಹರಿದು ಬಿಸಿಲು ಬಯಲಿನ ಮೇಲೆ ಚೆಲ್ಲಿತು. "ಈಗ ಹೇಳ್ರಿ ಸಾವ್ಕಾರ್ರ!" ಅಂತ ಇವರು ತೊಡೆ ತಟ್ಟಿದರು. ಸಾವುಕಾರರು ಎಲೆಗೆ ಸುಣ್ಣ ಹಚ್ಚತೊಡಗಿದರು. ಮತ್ತೆ ಕಪ್ಪಾಯಿತು. "ಈಗ ಎಂಟು," ಅಂದರು, ತಲೆ ಎತ್ತದೆ. ಇದು ಬಹಳ ಹೊತ್ತಿನಿಂದ ನಡೆದಿತ್ತು ಅಂತ ಕಾಣುತ್ತದೆ. ಇವರ ಮುಖ ಜ್ವರ ಬಂದವರ ಹಾಗೆ ಆಗಿತ್ತು. ಚೆಂಡಿನ ಕಡೆ ಇವರು ನೋಡುತ್ತಲೇ ಇರಲಿಲ್ಲ.

ನಾನು ಹತ್ತಿರ ನಿಂತು, "ತಾಡಪತ್ರಿ ಕೊಡ್ರಿ," ಅಂದೆ.

ಅವರು ಬೆಚ್ಚಿ ಎದ್ದರು. "ನೀ ಯಾಕ ಬಂದಿ ಇಲ್ಲಿ? ನಡಿ ಮನೀಗೆ. ಇನ್ನ ಅರ್ಧಾ ತಾಸು ಸಾಕು."

"ಅರ್ಧಾ ತಾಸು ಯಾರ ಕೈಯಾಗ ಐತ್ರಿ? ನಿಮ್ಮ ಕೈಯಾಗೈತೇನು?"

"ತಂಗೆವ್ವಾ," ಅಂದರು ಸಾವುಕಾರರು, "ಇದು ಗಂಡಸರ ಆಟ..."

"ನೀವು ಮಳಿ ಬೇಡ್ಕೊಳ್ಳಾಕತ್ತೀರಿ, ಬೇಡ್ಕೊಳ್ರಿ ಸಾವ್ಕಾರ್ರ. ನಾ ನನ್ನ ಗಂಡನ ಕೂಡ ಮಾತಾಡಾಕತ್ತೇನಿ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಅದೇ ಗಳಿಗೆಗೆ ನನ್ನ ಕೈ ಮೇಲೆ ಒಂದು ಹನಿ ಬಿತ್ತು, ರೂಪಾಯಿಯಷ್ಟು ಅಗಲದ್ದು. ಆಟ ನಿಲ್ಲಿಸಿದರು. ನಾಲ್ಕು ಮಂದಿ ಓಡಿ ನಮ್ಮ ತಾಡಪತ್ರಿಯನ್ನು ಚಾಪೆಯ ಮೇಲೆ ಎಳೆದರು. ನಮ್ಮ ಮನೆಯವರೂ ಓಡಿದರು. ಒಂದು ಮೂಲೆ ಹಿಡಿದು, ಅದರ ಮೇಲೆ ಕಲ್ಲಿಟ್ಟು, ಕಲ್ಲಿನ ಮೇಲೆ ಕೈ ಇಟ್ಟುಕೊಂಡು ಮೇಲೆ ನೋಡಿದರು.

ನನಗೆ ಅವರ ಸಂಕಟ ತಿಳಿಯಲಿಲ್ಲ ಅಂತಲ್ಲ. ತಾಡಪತ್ರಿ ತೆಗೆದರೆ ಹತ್ತು ಚೀಲ ಹೋದದ್ದು ಖರೆ. ತೆಗೆಯದಿದ್ದರೆ, ಮೋಡ ಸುಮ್ಮನೆ ದಾಟಿ ಹೋದರೆ, ಎಲ್ಲವೂ ಉಳಿದು ಇನ್ನೂ ಹತ್ತು ಬರುತ್ತದೆ. ದಾಟದಿದ್ದರೆ ಮಕ್ಕಳ ಮುಂದೆ ಇಡಲು ಏನೂ ಇಲ್ಲ. ನೆನೆದ ಜೋಳ ಕಪ್ಪಾಗುತ್ತದೆ, ಮೊಳಕೆ ಒಡೆಯುತ್ತದೆ, ಹಿಟ್ಟಿಗೆ ಜಿಗಿ ಇರುವುದಿಲ್ಲ. ಸಾವುಕಾರರು ಕುರ್ಚಿಯಿಂದಲೇ ಕೂಗಿದರು: "ಗೌಡ್ರ, ಇನ್ನ ಹತ್ತಕ್ಕ ಕಡಿಮಿ ಇಲ್ಲ ನೋಡ್ರಿ!"

ನಾನು ತಿರುಗಿ ಕಣಕ್ಕೆ ಓಡಿದೆ.

ಅತ್ತೆ ರಾಶಿಯ ಪಕ್ಕದಲ್ಲಿ ಕೂತು, ಎರಡೂ ತೋಳು ಚಾಚಿ, ಕೋಳಿ ಮರಿಗಳನ್ನು ಕಾಯುವ ಹಾಗೆ ಮುಚ್ಚಿಕೊಂಡಿದ್ದರು. ಕಾಕಾ ತನ್ನ ರಾಶಿಯ ಮೇಲಿನ ಒಂದು ಕಂಬಳಿ ತಂದು ನಮ್ಮದಕ್ಕೆ ಹೊದಿಸಿದ್ದ. ಅದು ನೆತ್ತಿಯನ್ನಷ್ಟೇ ಮುಚ್ಚಿತ್ತು. ಬದಿಯಲ್ಲಿ ಖಾಲಿ ಚೀಲಗಳ ಕಟ್ಟು ಬಿದ್ದಿತ್ತು. ನಾನು ಅದಕ್ಕೆ ಕೈ ಹಾಕಿದೆ.

"ಪೂಜಿ ಆಗಿಲ್ಲ," ಅಂದರು ಅತ್ತೆ. "ಮುಟ್ಟಬ್ಯಾಡ."

ರಾಶಿಪೂಜೆ ಮಾಡುವುದು ಮನೆಯ ಯಜಮಾನ. ಹೆಂಗಸರು ಎಡೆ ತಂದು ಅಂಚಿಗೆ ನಿಲ್ಲುವವರು.  ಮಳೆಗಿಂತ ಹೆಚ್ಚಾಗಿ ನಾನು ಮಾಡಲಿರುವುದಕ್ಕೇ ಹೆದರಿದ್ದೆ.

"ಅತ್ತೀ, ಸೋಮಾರ ಬಸವಣ್ಣಂದು. ಸಂಜಿ ಆದ್ರೇನು, ಈಗಾದ್ರೇನು, ದಿನ ಅವಂದೇ ಐತಿ," ಅಂದೆ. ಸೊಂಟದ ಚೀಲದಲ್ಲಿದ್ದ ವಿಭೂತಿ ಗಟ್ಟಿ ತೆಗೆದು, ಬೆವರಿನಲ್ಲೇ ತೇದು, ರಾಶಿಯ ಮೈಮೇಲೆ ಮೂರು ಬೆರಳು ಎಳೆದೆ. ಕಾಳು ಜಾರಿ ಗೆರೆ ನಿಲ್ಲಲಿಲ್ಲ. ಮತ್ತೊಮ್ಮೆ ಎಳೆದೆ. "ಯಪ್ಪಾ ಬಾಗೇವಾಡಿ ಬಸವಣ್ಣಾ, ಹೂವಿಲ್ಲ, ಕಾಯಿಲ್ಲ, ಎಡಿ ಇಲ್ಲ. ನಮ್ಮ ಕೈಗೆ ಕೊಟ್ಟೇನಿ ಅಂತ ಅನ್ನು, ಸಾಕು."

ಅತ್ತೆ ನನ್ನ ಮುಖ ನೋಡಿದರು. ಬೈಯುತ್ತಾರೆ ಅಂತ ಕಾದೆ. ಅವರು ಎದ್ದು ಒಂದು ಚೀಲದ ಬಾಯಿ ಅಗಲಿಸಿ ಹಿಡಿದುಕೊಂಡರು.

ನಾನು ಬುಟ್ಟಿಯಿಂದ ತುಂಬಿದೆ, ಕಾಕಾ ಮೊರದಿಂದ. ಗಾಳಿ ಒಮ್ಮೆಲೇ ಎದ್ದು ಕಣದ ಹೊಟ್ಟನ್ನೆಲ್ಲ ಕಣ್ಣಿಗೆ ತೂರಿತು. ಕಂಬಳಿ ಹಾರಿತು, ಕಾಕಾ ಅದರ ಹಿಂದೆ ಓಡಿದ. ಹನಿ ದಪ್ಪವಾದವು. ಒಂದೊಂದು ಹನಿಯೂ ರಾಶಿಯಲ್ಲಿ ಸಣ್ಣ ಕುಳಿ ತೋಡುವುದು ಕಣ್ಣಿಗೆ ಕಾಣುತ್ತಿತ್ತು. ನಾಲ್ಕೈದು ಚೀಲ ತುಂಬಿದ್ದೆವೇನೋ. ಇನ್ನೂ ಅಷ್ಟು ದೊಡ್ಡ ರಾಶಿ ಹಾಗೇ ಕೂತಿತ್ತು. ನನಗೆ ಅಳು ಬಂದದ್ದು ಆಗ.

ಆಗ ಬದುವಿನ ಮೇಲೆ ದೊಡ್ಡ ಕಪ್ಪು ಪ್ರಾಣಿಯೊಂದು ಓಡಿ ಬರುವುದು ಕಂಡಿತು. ಅದಕ್ಕೆ ಬಹಳ ಕಾಲುಗಳು, ಅರ್ಧ ಕಾಲುಗಳಿಗೆ ಬಿಳಿ ಪ್ಯಾಂಟು. ನಮ್ಮ ಮನೆಯವರು ಮುಂದೆ, ತಾಡಪತ್ರಿಯನ್ನು ತಲೆಯ ಮೇಲೆ ಹೊತ್ತು. ಹಿಂದೆ ಮೈದುನ, ಅವನ ಹಿಂದೆ ಇಂಡಿಯವರು ಯಾರು, ಸಿಂದಗಿಯವರು ಯಾರು, ನಾನರಿಯೆ.

"ಸರಿ, ಸರಿ!" ಅಂತ ಕೂಗುತ್ತ ಅದನ್ನು ರಾಶಿಯ ಮೇಲೆ ಚೆಲ್ಲಿದರು. ಕಲ್ಲು ಹುಡುಕಲು ಹೊತ್ತಿರಲಿಲ್ಲ. ಎಲ್ಲರೂ ಅಂಚಿನ ಮೇಲೆ ಸುತ್ತಲೂ ಕೂತುಬಿಟ್ಟರು, ಪಂಕ್ತಿಯ ಊಟಕ್ಕೆ ಕೂತ ಹಾಗೆ. ಮಳೆ ಮೈಮೇಲೆ ಬಿತ್ತು. ಕಲ್ಲೆಸೆದ ಹಾಗಿತ್ತು.

 ಸ್ವಲ್ಪ ಹೊತ್ತಿಗೆ ಮೈದುನನೇ ತಡೆಯದೆ, "ಅಣ್ಣಾ, ಇನ್ನೊಂದೀಟ ಓಟ ಬೇಕಾಗಿದ್ವು," ಅಂದ.

"ಸುಮ್ಮ ಕೂಡೋ."

"ನಾ ಹೊಡೀತಿದ್ನಿ."

"ಹೊಡೀತಿದ್ದಿ, ಹೊಡೀತಿದ್ದಿ," ಅಂದ ಸಿಂದಗಿಯ ಒಬ್ಬ, ಮೂಗಿನಿಂದ ನೀರು ಸುರಿಸುತ್ತ. "ನನ್ನ ಚೆಂಡು ಒಂದರ ಕಣ್ಣಿಗೆ ಕಂಡಿತ್ತೇನು ನಿನಗ?"

ಅತ್ತೆ ಆ ಮಳೆಯಲ್ಲೇ ಸೆರಗು ಬಾಯಿಗೆ ಒತ್ತಿ ನಕ್ಕರು. ನಮ್ಮ ಮನೆಯವರು ಮಾತ್ರ ನಗಲಿಲ್ಲ.

ಮಳೆ ನಿಂತಿತು. ಎಲೆ ಅಡಿಕೆ ಹಾಕಿ ಜಗಿದು ಉಗುಳುವಷ್ಟು ಹೊತ್ತು ಬಂದಿರಬೇಕು, ಹೆಚ್ಚಿಲ್ಲ. ಮೋಡ ಅಗರಖೇಡದ ಕಡೆ ಸರಿಯಿತು. ಹಿಂದೆಯೇ ಬಿಸಿಲು ಬಂದು ಹೊತ್ತು ಮುಳುಗುವವರೆಗೂ ಇತ್ತು, ಬೇಕಾದಷ್ಟು ಆಡಬಹುದಾದ ಬಿಸಿಲು. ತಾಡಪತ್ರಿ ಚಾಪೆಯ ಮೇಲೇ ಇದ್ದಿದ್ದರೆ ಆಟ ಮುಗಿಯುತ್ತಿತ್ತು, ಪೈಜ ಇವರದೇ ಆಗುತ್ತಿತ್ತು. ಅದು ಅಲ್ಲಿ ಕೂತ ಎಲ್ಲರಿಗೂ ಕಾಣುತ್ತಿತ್ತು. ಬಯಲಲ್ಲಿ ಚಾಪೆ ಮಣ್ಣಿಗೆ ಅಂಟಿ, ಎಬ್ಬಿಸಲು ಹೋದವರ ಕಾಲೂ ಅಂಟಿತ್ತಂತೆ.

ತಾಡಪತ್ರಿ ಸರಿಸಿ ನೋಡಿದೆವು. ಮೂಡಣದ ಮಗ್ಗುಲು ನೆನೆದಿತ್ತು. ಉಳಿದದ್ದು ಒಣಗಿತ್ತು. ನಾನು ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿದೆ. ಒಳಗೆ ಬೆಚ್ಚಗಿತ್ತು. ಅಷ್ಟು ಕೊಟ್ಟೆಯಲ್ಲಪ್ಪಾ ಅಂದುಕೊಂಡೆ. ನಮ್ಮವರು ನನ್ನ ಪೂಜೆಯ ಗೆರೆ ಹುಡುಕಿದರು, ಅದು ಆಗಲೇ ಜಾರಿ ಹೋಗಿತ್ತು. "ಮತ್ತೊಮ್ಮಿ ಮಾಡ್ಲೇನು?" ಅಂತ ಅತ್ತೆಯನ್ನು ಕೇಳಿದರು. "ಆಗೇತಿ ಬಿಡು," ಅಂದರು ಅತ್ತೆ.

ಮಂಗಳವಾರ ಮನೆಯ ಕಾಳು ಹೊರಗೆ ಕೊಡುವುದಿಲ್ಲ. ಬುಧವಾರ ಸಾವುಕಾರರ ಬಂಡಿ ಬಂತು. ನಮ್ಮ ಮನೆಯವರು ಒಣಗಿದ ಒಳ್ಳೆಯ ಜೋಳದ ಹತ್ತು ಚೀಲ ಕಟ್ಟೆಯ ಮೇಲೆ ಸಾಲಾಗಿ ಇಟ್ಟು, ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಸಾವುಕಾರರು ಒಂದೊಂದರ ಬಾಯಿಗೂ ಕೈ ಹಾಕಿ ನೋಡಿದರು. ನೆನೆದದ್ದು ಸೇರಿಸಿರಬಹುದು ಅಂತ ಅನುಮಾನವಿತ್ತೇನೋ. ಕೊನೆಗೆ, "ಐದು ಸಾಕ್ರಿ ಗೌಡ್ರ," ಅಂದರು.

"ಹತ್ತು ಅಂದ್ರ ಹತ್ತು," ಅಂದರು ಇವರು.

"ನಿಮ್ಮ ತಾಡಪತ್ರಿ ನೀವು ತಗೊಂಡ್ರಿ. ಆಟ ಮಳಿ ತಾನಾಗಿ ನಿಲ್ಲಿಸಿದ್ದಲ್ಲ, ನೀವು ನಿಲ್ಲಿಸಿದ್ರಿ. ಅದರಾಗ ನಂದೇನು ಪೂರಾ ಗೆಲುವು ಆತು? ಐದು ಇರ್ಲಿ. ಮುಂದಿನ ವರ್ಷ ನಿಮ್ಮ ಮಾಲು ನಮ್ಮ ಅಡತಿಗೇ ಬರಲಿ."

ಅಲ್ಲಿಗೆ ನನಗೆ ಅವರ ದಾನದ ಬುಡ ಕಂಡಿತು. ಇವರ ಹೆಗಲು ಬಿಗಿಯುವುದೂ ಕಂಡಿತು. ಇನ್ನೊಂದು ಗಳಿಗೆಗೆ ಹತ್ತೂ ಬಂಡಿಗೆ ಎಸೆಯುತ್ತಿದ್ದರು. ನಾನು ಒಳಬಾಗಿಲಿನಿಂದ ಹೊರಗೆ ಬಂದು ನಿಂತೆ.

"ಕೊಡ್ತೇನಿ ಅಂದಿದ್ದು ಕೊಟ್ಟೀರಿ, ಕಟ್ಟಿ ಮ್ಯಾಲ ಐತಿ. ಅವರು ಬಿಡ್ತೇನಿ ಅಂದ್ರ ಬಿಡ್ಲಿ. ಮಕ್ಕಳ ಹೊಟ್ಟಿಗೆ ನಿಮ್ಮ ಸಿಟ್ಟು ಬಡಸಾಕ ಆಗೂದಿಲ್ಲ." ಸಾವುಕಾರರ ಕಡೆ ತಿರುಗಿದೆ. "ಮುಂದಿನ ವರ್ಷದ ಮಾತು ಮುಂದಿನ ವರ್ಷ. ನಿಮ್ಮ ತೂಕ ಸರಿ ಇದ್ರ ಬರತೈತ್ರಿ."

ಸಾವುಕಾರರು ಎಲೆ ಜಗಿಯುವುದನ್ನು ನಿಲ್ಲಿಸಿ, ಆಮೇಲೆ ಜೋರಾಗಿ ನಕ್ಕರು. ಐದು ಚೀಲ ಬಂಡಿ ಹತ್ತಿದವು. ನಮ್ಮ ಮನೆಯವರು ಬಂಡಿ ಓಣಿ ತಿರುಗುವವರೆಗೂ ಅಲ್ಲೇ ನಿಂತಿದ್ದರು. 

ನೆನೆದದ್ದನ್ನು ಅಂಗಳದಲ್ಲಿ ಹರವಿ ಆರಿಸಿದೆವು. ಅದನ್ನು ದನಕ್ಕೂ ಕೋಳಿಗೂ ತೆಗೆದಿಟ್ಟು, ಒಳ್ಳೆಯದನ್ನು ಹಗೇವಿಗೆ ಸುರಿಯುವ ದಿನ ಬಂತು. ಹಗೇವು ಅಂದರೆ ನಮ್ಮ ಮನೆಯ ನೆಲದೊಳಗಿನ ಕಾಳಿನ ಕುಳಿ. ಇವರು ಒಳಗೆ ಇಳಿದು ಸುತ್ತ ಜೋಳದ ಒಣ ದಂಟಿನ ಕಣಿಕೆ ಹೊಂದಿಸಿ ನಿಂತರು. ಅತ್ತೆ, ಮೈದುನ, ನಾನು ಮೇಲಿನಿಂದ ಸುರಿದೆವು. ಬೇರೆ ವರ್ಷ ಕಾಳು ಕುತ್ತಿಗೆ ಮುಚ್ಚುವ ಮೊದಲೇ ಇವರು ಮೇಲೆ ಹತ್ತಬೇಕಾಗುತ್ತಿತ್ತು. ಆ ಸಲ ಕೊನೆಯ ಚೀಲವೂ ಖಾಲಿಯಾದ ಮೇಲೆ ಧೂಳು ಇಳಿಯಲಿ ಅಂತ ಕಾದೆವು.

ಕತ್ತಲೊಳಗಿನಿಂದ ಇವರ ದನಿ ಬಂತು. "ಎಲ್ಲೀತನಕ ಬಂದೈತಿ, ಕಾಣಸತೈತೇನು?"

ಕಂದೀಲು ಇಳಿಬಿಟ್ಟು ನೋಡಿದೆ. "ನಿಮ್ಮ ಎದಿ ಮಟ ಐತ್ರಿ."

 ಇವರು ಕೈಯಿಂದ ಕಾಳು ಸಮ ಮಾಡಿದರು. ಬಳಿಕ ಕೇಳಿದರು, "ಸಾಕಾಗತೈತಿ?"

"ಸಾಕಾಗತೈತಿ," ಅಂದೆ. "ಮ್ಯಾಲ ಬರ್ರಿ."